ಗಾಡಿ ಕಣ್ಣು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಊರೆಲ್ಲ ಹೇಳುತ್ತಾರೆ. ಹೇಳಲಿ. ಹೆತ್ತ ಮಗಳು ಹೆಲ್ಮೆಟ್ಟು ಕೂಡ ತೆಗೆಯದೆ ನಡುಮನೆಗೆ ನುಗ್ಗಿ, "ಅಪ್ಪಾ, ಕಾರಿನ ಕೀ ಕೊಡಿ" ಅಂತ ಕೈ ಚಾಚಿದರೆ ನಿಮಗಾದರೂ ಬರುತ್ತಿತ್ತು.

ನಾವಿಬ್ಬರೂ ಆಗಷ್ಟೇ ಅಂಗಡಿಯಿಂದ ಬಂದು ಚಪ್ಪಲಿ ಬಿಟ್ಟಿದ್ದೆವು. ನನ್ನದು ಹೊಲಿಗೆ ಅಂಗಡಿ. ಬೆಳಿಗ್ಗೆ ನನ್ನನ್ನು ಅಲ್ಲಿ ಬಿಡುವುದು, ಸಂಜೆ ಕರೆದುಕೊಂಡು ಬರುವುದು ನಮ್ಮನೆಯವರ ಕೆಲಸ. ಡ್ರೈವಿಂಗ್ ಸ್ಕೂಲು ನಡೆಸಿ ಅರ್ಧ ಊರಿಗೆ ಸ್ಟೇರಿಂಗ್ ಹಿಡಿಯುವುದು ಕಲಿಸಿದ ಮನುಷ್ಯ, ಈಗ ನನ್ನೊಬ್ಬಳಿಗೇ ಡ್ರೈವರು.

"ದೀಪಾನೇ ಹಾಕದೆ ಬಂದಿದ್ದೀರಿ," ಅಂದಳು ಮಗಳು. "ಕತ್ತಲಾಗ್ತಾ ಇದೆ, ನಾನು ಪಕ್ಕದ ಓಣಿಯಿಂದ ಸ್ಕೂಟರಲ್ಲಿ ಬರ್ತಿದ್ದೀನಿ, ಭೂತದ ಹಾಗೆ ನಿಮ್ಮ ಕಾರು ಎದುರಿಗೆ! ಬ್ರೇಕು ಹಿಡಿದಿದ್ದಕ್ಕೆ ಬದುಕಿದೆ. ನೀವು ಈ ಕಡೆ ತಿರುಗಿ ಕೂಡ ನೋಡಲಿಲ್ಲ."

"ಆಟೋದಲ್ಲಿ ಇಟ್ಟಿದ್ದೆ," ಅಂದರು ಇವರು.

ನಮ್ಮ ಕಾರಿನಲ್ಲಿ ದೀಪದ ಸ್ವಿಚ್ಚನ್ನು 'ಆಟೋ' ಅನ್ನುವ ಕಡೆ ತಿರುಗಿಸಿಟ್ಟರೆ ಮುಗಿಯಿತು. ಹೊರಗೆ ಮಬ್ಬಾದರೆ ಮುಂದಿನ ದೀಪ ತಾನಾಗಿ ಹತ್ತಬೇಕು, ಬೆಳಕಾದರೆ ತಾನಾಗಿ ಆರಬೇಕು. ಆವತ್ತು ಹತ್ತಿಲ್ಲ. ಬೀದಿದೀಪ ಉರಿಯುತ್ತಿದ್ದುದರಿಂದ ಪಕ್ಕದಲ್ಲಿ ಕೂತ ನನಗೂ ಗೊತ್ತಾಗಿಲ್ಲ. ನಾನೋ, ಗಾಡಿ ಹತ್ತಿದ ಕೂಡಲೇ ಬಾಯಿ ತೆರೆದರೆ ಮನೆ ಬಂದ ಮೇಲೇ ಮುಚ್ಚುವವಳು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋಳು ಕಣೆ ನೀನು," ಅಂದೆ. "ಗಾಡಿ ಕೆಟ್ಟಿದ್ರೆ ಗಾಡಿ ರಿಪೇರಿ ಮಾಡಿಸು. ನಿಮ್ಮಪ್ಪನ ಕೀ ಯಾಕೆ ಕಿತ್ಕೋತೀಯ?"

"ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ. ಅಪ್ಪನಿಗೆ ಕಾಣಿಸ್ತಿಲ್ಲ, ಇಲ್ಲಾ ಮರೆವು ಬಂದಿದೆ. ಎರಡರಲ್ಲಿ ಒಂದು."

ನನ್ನ ಮಗಳೇ ತಾನೇ, ಆ ಬಾಯಿ ಇನ್ನೆಲ್ಲಿಂದ ಬಂದಿರುತ್ತದೆ. ಇಬ್ಬರೂ ಗಂಟಲು ಹರಿಯುವ ತನಕ ಕೂಗಾಡಿದೆವು. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು: ಗಾಡಿಯನ್ನು ವೈರಣ್ಣನಿಗೆ ತೋರಿಸುವುದು. ತಪ್ಪು ಗಾಡಿಯದಾದರೆ ಕೀ ಇವರ ಹತ್ತಿರವೇ ಇರುತ್ತದೆ. ಗಾಡಿ ಸರಿಯಿದ್ದರೆ ಮಗಳು ಕೀ ತೆಗೆದುಕೊಂಡು ಹೋಗುತ್ತಾಳೆ. ಅಷ್ಟು ಹೊತ್ತೂ ಇವರು ಗೋಡೆಗೆ ಒರಗಿ, ಪಕ್ಕದ ಮನೆಯ ಜಗಳ ಕೇಳುವವರ ಹಾಗೆ ಕೂತಿದ್ದರು.

"ಹೋಗ್ಲಿ ಬಿಡೆ, ಕೊಟ್ಟುಬಿಡೋಣ," ಅಂದರು, ಮಗಳು ಹೋದ ಮೇಲೆ.

"ಏನ್ರೀ, ನಿಮ್ಮ ಪರವಾಗಿ ನಾನು ಗಂಟಲು ಹರ್ಕೊಂಡರೆ ನೀವೇ ಹೀಗಂತೀರಾ?" ಅಂತ ಅವರನ್ನೂ ತರಾಟೆಗೆ ತೆಗೆದುಕೊಂಡೆ.

ವೈರಣ್ಣ ಅಂದರೆ ಗಾಡಿಗಳ ಕರೆಂಟು ಕೆಲಸ ಮಾಡುವವನು. ನಿಜವಾದ ಹೆಸರು ಅವನ ಹೆಂಡತಿಗಾದರೂ ನೆನಪಿದೆಯೋ ಇಲ್ಲವೋ. ಗಾಡಿ ಓಡಿಸುವುದನ್ನು ಅವನಿಗೆ ಕಲಿಸಿದವರು ಇವರೇ. ಮಾರನೆಯ ಬೆಳಿಗ್ಗೆ ಮೂವರೂ ಅವನ ಗ್ಯಾರೇಜಿಗೆ ಹೋದೆವು. "ಗುರುಗಳು ಒಳಗೆ ಬರಬೇಕು," ಅಂತ ಕರೆದ. ಇವರು ಗೇಟಿನ ಹತ್ತಿರವೇ ನಿಂತುಬಿಟ್ಟರು. ಶಿಷ್ಯನ ಮುಂದೆ ಪರೀಕ್ಷೆಗೆ ಕೂರಬೇಕಲ್ಲ ಅಂತ ಅವಮಾನವಾಗಿರಬೇಕು ಅಂದುಕೊಂಡು ನಾನೂ ಮಗಳೂ ಒಳಗೆ ಹೋದೆವು.

ವೈರಣ್ಣ ಮೊದಲು ದೀಪವನ್ನು ಕೈಯಾರೆ ಹಾಕಿದ. ಎರಡೂ ಹತ್ತಿದವು. "ಬಲ್ಬು ಸರಿ," ಅಂದ. ಸ್ಟೇರಿಂಗ್ ಕೆಳಗೆ ತಲೆ ತೂರಿಸಿ ಫ್ಯೂಸು ಕಿತ್ತು ಬೆಳಕಿಗೆ ಹಿಡಿದು ನೋಡಿದ. ಅದೂ ಸರಿ. ಸ್ವಿಚ್ಚನ್ನು ಆಟೋಗೆ ತಿರುಗಿಸಿದ. ಆಮೇಲೆ ಡ್ಯಾಶ್‌ಬೋರ್ಡಿನ ಮೇಲೆ, ಮುಂದಿನ ಗಾಜಿಗೆ ತಾಗಿದ ಹಾಗಿದ್ದ ಅಂಗಿ ಗುಂಡಿಯಷ್ಟು ದಪ್ಪದ ಕಪ್ಪು ಗುಬುಟನ್ನು ಬೆರಳಿಂದ ತಟ್ಟಿದ.

"ಇದು ಗಾಡಿ ಕಣ್ಣು, ಅಮ್ಮ. ಪುಸ್ತಕದಲ್ಲಿ ಸೆನ್ಸರು ಅಂತಾರೆ, ನಾನು ಕಣ್ಣು ಅಂತೀನಿ. ಹೊರಗೆ ಬೆಳಕು ಎಷ್ಟಿದೆ ಅಂತ ಇದು ನೋಡಿ ಹೇಳಿದ್ರೇ ದೀಪ ಹತ್ತೋದು. ಈಗ ಇದರ ಕಣ್ಣು ಮುಚ್ಚಿ ನೋಡೋಣ."

ಅಂಗೈ ಅಡ್ಡ ಹಿಡಿದ. ದೀಪ ಹತ್ತಲಿಲ್ಲ. ನಾನು ಚೀಲದಿಂದ ಕಪ್ಪು ಲೈನಿಂಗ್ ಬಟ್ಟೆ ತೆಗೆದುಕೊಟ್ಟೆ. ಅದನ್ನು ಮಡಚಿ ಮಡಚಿ ಮುಚ್ಚಿ ಕಾದ. ಊಹೂಂ. ನಾನು ಮಗಳ ಮುಖ ನೋಡಿದೆ, ಹೇಗೆ ಅನ್ನುವ ಹಾಗೆ. ಅಷ್ಟರಲ್ಲಿ ಪಕ್ ಅಂತ ಎರಡೂ ದೀಪ ಹತ್ತಿಬಿಡಬೇಕೇ! ಹಾಳಾದ್ದು, ಎದುರಿನ ಗೋಡೆ ಬೆಳಗಿಹೋಯಿತು.

"ನೋಡಿದ್ಯಾ?" ಅಂದಳು ಮಗಳು. ಗೆದ್ದ ದನಿಯಲ್ಲಿ ಅಲ್ಲ. ಪಾಪ, ಅವಳ ಕಣ್ಣು ತುಂಬಿಕೊಂಡಿತ್ತು.

ವೈರಣ್ಣ ಬಟ್ಟೆ ತೆಗೆದ, ದೀಪ ಆರಿತು. ಮತ್ತೆ ಮುಚ್ಚಿದ, ಹತ್ತಲಿಲ್ಲ. ತಲೆ ಕೆರೆದುಕೊಂಡ. "ಪೂರ್ತಿ ಕೆಟ್ಟಿದ್ರೆ ಸುಲಭ. ಇದು ಬಂದು ಹೋಗೋ ನೆಂಟರ ಜಾತಿ. ಕಣ್ಣೋ, ಅದರ ಹಿಂದಿನ ವೈರೋ, ಸ್ವಿಚ್ಚೋ ಬಿಚ್ಚಿಯೇ ನೋಡಬೇಕು. ಗಾಡಿ ಇಲ್ಲೇ ಇರಲಿ, ನಾಳೆ ಫೋನ್ ಮಾಡ್ತೀನಿ."

ಮರುದಿನ ಮಗಳೇ ನಮ್ಮಿಬ್ಬರನ್ನೂ ಒಬ್ಬೊಬ್ಬರಾಗಿ ಸ್ಕೂಟರಿನಲ್ಲಿ ಅಂಗಡಿಗೆ ಬಿಟ್ಟುಹೋದಳು. ಮಧ್ಯಾಹ್ನ ಕಳೆದಿತ್ತು. ಇವರು ಎದುರಿನ ಕ್ಯಾಂಟೀನಿಗೆ ಚಹಾ ತರಲು ಹೋಗಿದ್ದರು. ನಾನು ಒಂದು ಕೈಯಲ್ಲಿ ಬಟ್ಟೆ, ಒಂದು ಕೈಯಲ್ಲಿ ಕತ್ತರಿ ಹಿಡಿದಿದ್ದೆ, ಆಗಲೇ ಫೋನು ಬಡಿದುಕೊಂಡಿತು. ಕಿರುಬೆರಳಲ್ಲಿ ಒತ್ತಿ ಸ್ಪೀಕರಿಗೆ ಹಾಕಿದೆ.

"ಅಮ್ಮ, ಕಣ್ಣೇ ಹೋಗಿದೆ," ಅಂತು ಫೋನು. ಇವರು ಎರಡು ಲೋಟ ಹಿಡಿದು ಹೊಸಿಲು ದಾಟುತ್ತಿದ್ದರು. "ಒಳಗೇ ಒಣಗಿಹೋಗಿದೆ. ಇನ್ನು ಸರಿಯಾಗೋ ಮಾತಿಲ್ಲ. ಹೀಗೇ ಓಡಿಸೋದು ಮಾತ್ರ ಬೇಡ, ಯಾರ ಮೇಲಾದ್ರೂ ಹೋಗಿಬಿಡುತ್ತೆ."

ಅಬ್ಬಾ! ನನಗೆ ಕತ್ತರಿ ಬಿಸಾಡಿ ಕುಣಿಯುವಷ್ಟು ಖುಷಿಯಾಯಿತು. "ಕೇಳಿಸ್ತೇನ್ರೀ? ಕಣ್ಣು ಹೋಗಿದೆಯಂತೆ! ನಾನು ಮೊದಲೇ ಹೇಳ್ಲಿಲ್ವಾ?"

ಇವರು ಲೋಟಗಳನ್ನು ಮೇಜಿನ ಮೇಲಿಟ್ಟರು. ಒಂದು ಅಂಚಿಗೆ ಕೂತು ಮಗುಚಿತು, ಚಹಾ ಬಟ್ಟೆಯ ಮೇಲೆಲ್ಲ ಹರಿಯಿತು. ಅದನ್ನು ಅವರು ನೋಡಲೇ ಇಲ್ಲ.

"ನಿನಗೆ ಮೊದಲೇ ಗೊತ್ತಿತ್ತಾ?" ಅಂದರು. "ಎಡಗಣ್ಣು ಮಾತ್ರ ಕಣೆ. ಬಲಗಣ್ಣು ಚೆನ್ನಾಗೇ ಇದೆ. ಫೋನಲ್ಲಿ ಡಾಕ್ಟರಾ?"

"ಅಮ್ಮ, ಕೇಳಿಸ್ತಿದೆಯಾ? ಹೊಸ ಕಣ್ಣು ತರಿಸ್ಲಾ?" ಅಂದ ವೈರಣ್ಣ.

ಇವರು ಫೋನನ್ನು ನೋಡಿದರು, ನನ್ನನ್ನು ನೋಡಿದರು. "ಓ, ಗಾಡೀದಾ?" ಅಂತ ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಕುಸಿದರು.

"ತರಿಸಪ್ಪ," ಅಂದೆ ನಾನು. "ಗಾಡಿಗಾದರೂ ಹೊಸದು ಸಿಗುತ್ತಲ್ಲ." ಫೋನಿಟ್ಟೆ.

ಒದ್ದೆ ಬಟ್ಟೆಯನ್ನು ಹಾಗೇ ಬಿಟ್ಟು ಅವರ ಮುಂದೆ ನಿಂತೆ. ಬೇಸಿಗೆಯಲ್ಲಿ ಟೈರಿಗೆ ಗಾಳಿ ಹಾಕಿಸಿ ಬರ್ತೀನಿ ಅಂತ ಹೇಳಿ ಹೋಗಿದ್ದು ಕಣ್ಣಾಸ್ಪತ್ರೆಗಂತೆ. ಕಣ್ಣಿನ ನರ ಒಣಗಿದೆಯಂತೆ. ಹೋದದ್ದು ಬರಲ್ಲ, ಉಳಿದದ್ದನ್ನು ಔಷಧಿಯಲ್ಲಿ ಕಾಪಾಡ್ಕೊಳ್ಳಿ, ಗಾಡಿ ಓಡಿಸಬೇಡಿ ಅಂದರಂತೆ ಡಾಕ್ಟರು. ಈ ಮಹಾನುಭಾವ ಕದ್ದು ಕಣ್ಣಿಗೆ ಔಷಧಿ ಹಾಕಿಕೊಂಡು ಗಾಡಿ ಓಡಿಸುತ್ತಲೇ ಇದ್ದರು.

"ಮಗಳು ಸಾಯ್ತಿದ್ದಳು ರೀ!" ಅಂದೆ. "ನಿಮ್ಮ ಕೈಯಲ್ಲೇ ಸಾಯ್ತಿದ್ದಳು. ನಾನು ಅವಳನ್ನೇ ಬೈದೆ. ಅರ್ಧ ಊರಿಗೆ ಬುದ್ಧಿ ಹೇಳಿದವರು ನೀವು, ನಿಮ್ಮ ಬುದ್ಧಿ ಯಾವ ಗ್ಯಾರೇಜಿಗೆ ಬಿಟ್ಟಿದ್ರಿ?"

ಅವರು ತಲೆ ತಗ್ಗಿಸಿದರು. ಬೈಗುಳ ಮುಗಿಯುವ ತನಕ ಕಾದರು. ಆಮೇಲೆ ಮೆಲ್ಲಗೆ ಹೇಳಿದರು: "ಅಂಗಡೀಲಿ ನಿನಗೆ ಗಿರಾಕಿಗಳು. ಮನೇಲಿ ಒಲೆ, ಆಮೇಲೆ ನಿದ್ದೆ. ನನ್ನ ಜೊತೆ ನೀನು ಮಾತಾಡೋದು ಆ ಗಾಡೀಲಿ ಮಾತ್ರ. ಎಡಗಡೆ ಕೂತಿರ್ತೀಯ, ಈಚೆಗೆ ಕಾಣಿಸ್ತಿರಲಿಲ್ಲ. ಮಾತು ಕೇಳಿಸ್ತಿತ್ತು. ಅದೂ ಹೋಗುತ್ತಲ್ಲ ಅಂತ."

ಸೆರಗಲ್ಲಿ ಮುಖ ಒರೆಸಿಕೊಂಡೆ.

ಅವರೇ ಮುಂದುವರಿಸಿದರು, "ಗಾಡಿ ಕಣ್ಣು ಹೋಗಿದೆ ಅಂತ ಹೇಳಿಬಿಡು ಮಗಳಿಗೆ. ಸುಳ್ಳೇನಲ್ಲವಲ್ಲ."

ಸುಳ್ಳಲ್ಲ, ನಿಜ. ವೈರಣ್ಣನೇ ಸಾಕ್ಷಿ. ಒಪ್ಪಂದದ ಪ್ರಕಾರ ಕೀ ನಮ್ಮದೇ. ಆಸೆ ಆಗಲಿಲ್ಲ ಅಂದರೆ ನನ್ನ ನಾಲಿಗೆ ಬಿದ್ದುಹೋಗಲಿ. ಫೋನು ಎತ್ತಿಕೊಂಡೆ. ಮಗಳಿಗೆ ಮಾಡಿದೆ.

"ವೈರಣ್ಣ ಏನಂದ?" ಅಂದಳು ಕೂಡಲೇ.

"ಕಣ್ಣು ಹೋಗಿದೆ ಅಂದ."

"ಹಾಗಾದ್ರೆ ಗಾಡೀದೇ ತಪ್ಪಾ! ಅಯ್ಯೋ, ಅಪ್ಪನಿಗೆ ಏನೇನೋ ಅಂದುಬಿಟ್ಟೆ ಕಣಮ್ಮಾ. ಕೀ ಅವರ ಹತ್ರಾನೇ ಇರಲಿ. ಸಂಜೆ ಬಂದು ತಪ್ಪಾಯ್ತು ಅಂತೀನಿ."

ಇವರು ಸ್ಟೂಲಿನಿಂದ ನನ್ನನ್ನೇ ನೋಡುತ್ತಿದ್ದರು. ಆ ಮುಖ ನೋಡಿಕೊಂಡೇ ಹೇಳಿದೆ, "ಎರಡು ಕಣ್ಣು ಹೋಗಿದೆ ಕಣೆ. ಒಂದು ಗಾಡೀದು. ಒಂದು ನಿಮ್ಮಪ್ಪಂದು. ಕೀ ವೈರಣ್ಣನ ಹತ್ರ ಇದೆ, ನೀನೇ ಹೋಗಿ ತಗೋ."

ಸಂಜೆ ಕರೆದುಕೊಂಡು ಹೋಗಲು ಬರ್ತೀನಿ ಅಂದಳು. ಬೇಡ ಅಂದೆ. ಅಂಗಡಿಗೆ ಬೇಗ ಬೀಗ ಹಾಕಿ ನಡೆದೇ ಹೊರಟೆವು. ನನ್ನ ಮುಖ ಕಾಣಿಸಲಿ ಅಂತ ನಾನು ಅವರ ಬಲಗಡೆ ನಡೆದೆ. ಅವರೂ ಆಗಾಗ ತಿರುಗಿ ನೋಡಿದರು, ಹೊಸ ಮದುಮಗನ ಹಾಗೆ. ನೋಡಿ, ನೋಡಿ ಅಂತ ರೇಗಿಸಿದೆ. ಆದರೆ ತಿರುವಿನಲ್ಲಿ ಎಡಗಡೆಯಿಂದ ಯಾರೋ ತಳ್ಳುಗಾಡಿ ತಂದರು, ಅವರು ಅದಕ್ಕೆ ಮೊಣಕಾಲು ತಗುಲಿಸಿಕೊಂಡರು. ಆಮೇಲೆ ನಾನು ಸುತ್ತಿ ಬಂದು ಎಡಗಡೆಗೆ ಸೇರಿ ತೋಳು ಹಿಡಿದುಕೊಂಡೆ.

"ಈ ಕಡೆ ಬಂದ್ರೆ ನೀನು ಕಾಣಲ್ಲ," ಅಂದರು.

"ಕಾಣದಿದ್ರೆ ಹೋಗ್ಲಿ. ಈ ಕಡೆ ಏನು ಬಂದ್ರೂ ನಾನು ಹೇಳ್ತೀನಿ."

"ಹೇಳು," ಅಂದರು ಇವರು. "ಎಲ್ಲಾ ಹೇಳು."

ಮೊದಲು ಒಂದು ಸೈಕಲ್ಲು ಬಂತು. ಹೇಳಿದೆ.