ಮಲೇನಜ್ಜಿಗೆ ನಾನು ಹೇಳಿದ ಅರ್ಥ

ಎಷ್ಟು ಬಿಳುಪು ಈ ಹುಡುಗಿಯ ಅಂಗೈ, ದಿನವಿಡೀ ಮೀನು ಸೀಳುವ ಕೈ ಎಂದರೆ ಯಾರೂ ನಂಬರು, ಎರಡನ್ನೂ ತೊಡೆಯ ಮೇಲೆ ಬಿಚ್ಚಿಟ್ಟು ಕೂತಿದ್ದಾಳೆ ಸಿನ್ನೇವಾ, ಈಗಷ್ಟೇ ಮಾತು ನಿಲ್ಲಿಸಿದ್ದಾಳೆ — ಮಾತೇ ಅದು, ಅಳುವಲ್ಲ, ಆದರೆ ನಾರ್ವೆಯ ಯಾವ ಊರಿನ ಮಾತೂ ಅಲ್ಲ, ಪವಿತ್ರಾತ್ಮ ಮೈಮೇಲೆ ಬಂದಾಗ ಆಡುವ ಅನ್ಯಭಾಷೆ, ಅವಳಿಗೆ ಇದೇ ಮೊದಲು, ಚಳಿಗಾಲದಲ್ಲಿ ಹೊಟ್ಟೆಯಲ್ಲಿದ್ದ ಏಳು ತಿಂಗಳ ಕೂಸು ಹೋದ ಮೇಲೆ ಪ್ರಾರ್ಥನೆಯ ಸಭೆಗೆ ಬಂದದ್ದೂ ಇದೇ ಮೊದಲು, ಮತ್ತು ನನ್ನ ಮನೆಯ ಈ ಪುಟ್ಟ ಕೋಣೆಯಲ್ಲಿ ಐದೂ ಜನ ನನ್ನ ಕಡೆಗೇ ತಿರುಗಿದ್ದಾರೆ, ಯಾಕೆಂದರೆ ಆ ಭಾಷೆಯ ಅರ್ಥ ಹೇಳುವ ವರ ಈ ದ್ವೀಪದಲ್ಲಿ ಗುಡ್ವೇಗ್ ಎಂಬ ನನ್ನೊಬ್ಬಳಿಗೇ ಇದೆ ಎಂದು ನಲವತ್ತಾರು ವರ್ಷದಿಂದ ಎಲ್ಲರೂ ನಂಬಿದ್ದಾರೆ. ಈಗ ಸಭೆ ನಡೆಸುವ ತೊರೆಸ್ ಕನ್ನಡಕ ತೆಗೆದ. ಹಿಂದೆ ನಡೆಸುತ್ತಿದ್ದ ಅವನಪ್ಪನೂ ಹೀಗೇ ತೆಗೆಯುತ್ತಿದ್ದ, ಅದೇ ದೋಣಿ ಕಟ್ಟುವ ದಪ್ಪ ಬೆರಳು, ಅದೇ ಹಾಳು ನಿಧಾನ, ಗಾಜು ಒರೆಸಿ ಮತ್ತೆ ಮೂಗಿನ ಮೇಲೆ ಇಡುವುದರೊಳಗೆ ಯಾರಾದರೂ ಅರ್ಥ ಹೇಳಬೇಕು, ಹಾಗೆ ಮೂರು ಬುಧವಾರ ಯಾರೂ ಹೇಳದಿದ್ದರೆ ಆ ಭಾಷೆ ಆಡಿದವರು ಇನ್ನು ಸಭೆಯಲ್ಲಿ ಬಾಯಿ ತೆರೆಯುವಂತಿಲ್ಲ.

ಆ ಕಾಲದಲ್ಲಿ, ಮಲೇನಜ್ಜಿಗೆ ಮೂರನೆಯ ಬುಧವಾರ ಅದು, ನನಗೆ ಇಪ್ಪತ್ತನಾಲ್ಕು ವರ್ಷ, ಅವಳ ಅಡುಗೆಮನೆಯಲ್ಲಿ ಹನ್ನೊಂದು ಜನ ಮೊಣಕೈಗೆ ಮೊಣಕೈ ತಾಗಿಸಿ ಕೂತಿದ್ದೆವು, ಒಲೆಯ ಮೇಲೆ ಒದ್ದೆ ಉಣ್ಣೆ ಕಾಲುಚೀಲಗಳ ವಾಸನೆ, ಕಾಫಿಯದು, ಬೆಣ್ಣೆ ಸಕ್ಕರೆ ಸವರಿದ ಲೆಫ್ಸೆ ರೊಟ್ಟಿಯದು — ಎಂಥ ಮನೆಗಳು, ಎಂಥ ಜನ, ಕ್ನೂಟ್ ಡಾಂಬರು ಮೆತ್ತಿದ ಕೈಯನ್ನು ರೋಗಿಯ ಹಣೆಗೆ ಇಟ್ಟು ಪ್ರಾರ್ಥಿಸಿದರೆ ಜ್ವರ ಇಳಿಯುತ್ತಿತ್ತು, ಇಳಿಯದಿದ್ದರೂ ರೋಗಿ ನಿದ್ದೆ ಹೋಗುತ್ತಿದ್ದ, ಬೆರ್ತಾಗೆ ಯಾವ ವರವೂ ಇರಲಿಲ್ಲ, ಆದರೆ ಯಾರು ಊಟ ಬಿಟ್ಟು ಬಂದಿದ್ದಾರೆಂದು ಬಾಗಿಲಲ್ಲೇ ಕಂಡುಹಿಡಿದು, ಮೊದಲು ತಿನ್ನು, ಸ್ವರ್ಗ ಎಲ್ಲೂ ಓಡಿಹೋಗಲ್ಲ ಎನ್ನುತ್ತಿದ್ದಳು, ಅಯ್ಯೋ ಆ ಬುಧವಾರಗಳು, ಈಗ ಯಾರು ಯಾರ ಮುಖ ನೋಡುತ್ತಾರೆ. ಮಲೇನಜ್ಜಿಗೆ ಇದ್ದುದು ಇದೊಂದೇ, ಗಂಡನನ್ನು ಹೆರಿಂಗ್ ಮೀನಿನ ಬೇಟೆಯಲ್ಲಿ ಕಡಲು ನುಂಗಿತ್ತು, ಮಗ ಐಲಿಫ್, ನಿನ್ನ ದೇವರೂ ಬೇಡ ನೀನೂ ಬೇಡ ಎಂದು ಹಡಗು ಹತ್ತಿದ್ದ, ವಾರವಿಡೀ ಮೂಕಿಯಂತಿದ್ದವಳು ಬುಧವಾರ ಮಾತ್ರ ಕಣ್ಣು ಮುಚ್ಚಿ ಆ ಭಾಷೆಯಲ್ಲಿ ಹರಿಯುತ್ತಿದ್ದಳು, ಅರ್ಥ ಹೇಳುತ್ತಿದ್ದ ಮುದುಕ ತೀರಿಕೊಂಡಿದ್ದ, ತೊರೆಸನಪ್ಪನ ಕನ್ನಡಕ ಮೂಗಿನ ಹತ್ತಿರ ಬಂದೇಬಿಟ್ಟಿತ್ತು, ಅವಳ ಗದ್ದ ನಡುಗುತ್ತಿತ್ತು, ನನಗೆ ತಡೆಯಲಾಗಲಿಲ್ಲ, ಭಯಪಡಬೇಡ ಎಂದು ಕರ್ತನು ಹೇಳುತ್ತಾನೆ ಎಂದುಬಿಟ್ಟೆ. ನನಗೆ ಏನೂ ಕೇಳಿಸಿರಲಿಲ್ಲ. ಒಂದು ಚೂರೂ ಇಲ್ಲ.

ಅಲ್ಲಿಂದ ಹನ್ನೊಂದು ವರ್ಷ ಹೀಗೇ ಅರ್ಥ ಹೇಳಿದೆ. ಸುಳ್ಳೇ ಎನ್ನಲು ಮನಸ್ಸು ಬಾರದು, ಸೋಮವಾರ ಮಂಗಳವಾರವೆಲ್ಲ ಅವಳ ಬಗ್ಗೆಯೇ ಯೋಚಿಸುತ್ತಿದ್ದೆ, ಮೊಣಕಾಲು ನೋವೇ, ಕಟ್ಟಿಗೆ ಮುಗಿದಿದೆಯೇ, ಯಾವ ಮಾತು ಬೇಕಾದೀತು, ಅವಳು ನನ್ನ ಕೆನ್ನೆ ಹಿಂಡಿ, ನಿನ್ನ ಬಾಯಿಂದ ಬಂದ್ರೆ ದೇವರೂ ನಮ್ಮೂರವನ ಹಾಗೇ ಮಾತಾಡ್ತಾನೆ ಕಣೇ ಎಂದು ನಗುತ್ತಿದ್ದಳು, ಅಷ್ಟು ಪ್ರೀತಿ ನನಗೆ ಆಮೇಲೆ ಯಾರೂ ಕೊಡಲಿಲ್ಲ. ಅಷ್ಟಕ್ಕೇ ನಿಲ್ಲಿಸಿದ್ದರೆ. ಒಂದು ಬುಧವಾರ ಉಬ್ಬಿಹೋಗಿ ಹೇಳಿದೆನಲ್ಲ, ನಿನ್ನ ಮಗ ಮನೆಯ ಕಡೆಗೆ ಮುಖ ಮಾಡಿದ್ದಾನೆ ಎಂದು. ಹೌಗೆಸುಂದ ಪಟ್ಟಣದಿಂದ ಅವಳ ತಂಗಿ ಬಂದು, ನನ್ನ ಜೊತೆ ಇರು ಬಾ ಅಕ್ಕ, ಅಲ್ಲಿ ಕಣ್ಣಿನ ಡಾಕ್ಟರೂ ಇದ್ದಾರೆ ಎಂದು ಅಂಗಲಾಚಿದಳು, ಇವಳು, ಐಲಿಫ್ ಬಂದಾಗ ಬಾಗಿಲು ಹಾಕಿದ್ರೆ, ದೇವರೇ ಹೇಳಿದ್ದಾನಲ್ಲ ಎಂದಳು. ಆರು ವರ್ಷ ದೋಣಿ ಬಂದು ನಿಲ್ಲುವ ಧಕ್ಕೆಯ ಕಡೆಗೇ ಕುರ್ಚಿ ಹಾಕಿಕೊಂಡು ಕೂತಳು, ಕೊನೆಗೆ ಏನೂ ಕಾಣದ ಕಣ್ಣಿನಿಂದಲೂ ಆ ಕಡೆಗೇ, ಆ ಕುರ್ಚಿಯಲ್ಲೇ ಹೋದಳು. ಅವನು ಮಣ್ಣಿಗೂ ಬರಲಿಲ್ಲ. ಆಮೇಲೆ ಇಲ್ಲಿ ಯಾರಿಗೂ ಅನ್ಯಭಾಷೆ ಬಾರದ್ದರಿಂದ ನಾನು ಬಚಾವಾಗಿದ್ದೆ, ಇವತ್ತಿನವರೆಗೆ.

ತೊರೆಸ್ ಎರಡನೆಯ ಗಾಜು ಒರೆಸುತ್ತಿದ್ದಾನೆ. ಎಷ್ಟು ಸುಲಭ, ನಾಲಿಗೆಯ ತುದಿಯಲ್ಲೇ ಇದೆ, ಬರುವ ವರ್ಷ ನಿನ್ನ ಮಡಿಲು ತುಂಬುತ್ತದೆ ಎನ್ನುತ್ತಾನೆ ಕರ್ತನು, ಅಂದರೆ ಸಾಕು, ಈ ಮುಖ ಬೆಳಗುತ್ತದೆ, ಎಲ್ಲರೂ ಅಳುತ್ತಾರೆ, ಕಾಫಿ ಕುಡಿಯುತ್ತೇವೆ, ಇವಳು ಮನೆಗೆ ಹೋಗಿ ತೊಟ್ಟಿಲನ್ನು ಅಟ್ಟದಿಂದ ಇಳಿಸುತ್ತಾಳೆ, ದಿನ ಎಣಿಸುತ್ತಾಳೆ — ಇಲ್ಲ, ದೇವರೇ, ಇಲ್ಲ. ನನಗೇನೂ ಕೇಳಿಸ್ಲಿಲ್ಲ ಮಗಳೇ. ನನ್ನದೇ ದನಿ ಅದು, ಮುದಿ ದನಿ. ಯಾವತ್ತೂ ಕೇಳಿಸಿಲ್ಲ, ಮಲೇನಜ್ಜಿಗೆ ಹೇಳಿದ್ದೆಲ್ಲ ನಾನೇ ಕಟ್ಟಿ ಹೇಳಿದ್ದು. ತೊರೆಸನ ಕೈ ನಿಂತಿತು, ಅಕ್ಕ, ಏನ್ ಹೇಳ್ತಿದೀಯ ನೀನು ಎಂದ, ಅವನಪ್ಪ ಬದುಕಿದ್ದರೆ ನನ್ನನ್ನು ಆಚೆಗೆ ಕಳಿಸುತ್ತಿದ್ದ, ಕಳಿಸಲಿ, ನಾಳೆ ದ್ವೀಪಕ್ಕೆಲ್ಲ ಗೊತ್ತಾಗಲಿ, ನಾನು ನೋಡುತ್ತಿರುವುದು ಸಿನ್ನೇವಾಳನ್ನು, ಅವಳು ಎದ್ದುಹೋಗಲಿಲ್ಲ, ತೊರೆಸನ ಕಡೆ ತಿರುಗಲೂ ಇಲ್ಲ, ಗೊತ್ತು ಅಕ್ಕ, ಕೂಸು ಯಾಕೆ ಹೋಯ್ತು ಅಂತ ನಂಗೂ ಯಾರೂ ಏನೂ ಹೇಳ್ಲಿಲ್ಲ, ದೇವರೂ ಹೇಳ್ಲಿಲ್ಲ, ಸುಮ್ನೆ ನನ್ನ ಹತ್ರ ಬಂದು ಕೂತ್ಕೋತೀಯಾ ಎಂದಳು, ಕುರ್ಚಿ ಎಳೆದುಕೊಂಡು ಹೋಗಬೇಕು, ಏನು ಹಾಕಲಿ ನಾನು ಅದರೊಳಗೆ, ಆ ಅಂಗೈಯೊಳಗೆ, ಇನ್ನೂ ಮುಚ್ಚಿಲ್ಲ, ಬಿಚ್ಚಿಯೇ ಇದೆ, ಬಿಳಿಯ ಅಂಗೈ, ಖಾಲಿ ಅಂಗೈ