ಹನ್ನೊಂದು ಲಾರಿಯ ರಾಜಿ

ಆ ಸೋಮವಾರ ದುರುಗಪ್ಪ ಬೆಳಕು ಹರಿಯುವ ಮುಂಚೆಯೇ ಎದ್ದು ಲಾರಿಯ ಮುಂದೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುತ್ತಿದ್ದ. ಅಂಗಳಕ್ಕೆ ನೀರು ಚಿಮುಕಿಸಲು ಬಂದ ಹೆಂಡತಿ ಗದ್ದೆಮ್ಮ ಚೊಂಬು ಹಿಡಿದು ಹಾಗೇ ನಿಂತಳು.

"ಇವತ್ತ್ಯಾಕ ಕಟ್ಟಾಕತ್ತೀರಿ? ದುರುಗಮ್ಮನ ವಾರ ನಾಳೆ ಐತಿ."

"ಒಂದು ದಿನ ಮುಂಚೆ ಕೈಮುಗಿದ್ರ ಆಕಿಗೆ ಸಿಟ್ಟು ಬರ್ತೈತೇನು?"

"ಅದಕ್ಕ ಸಿಟ್ಟು ಬರಂಗಿಲ್ಲ ಬಿಡ್ರಿ. ಬೇಡಿಕೊಳ್ಳೋದು ಖರೇ ಇರಬೇಕು, ಅಷ್ಟ."

ದುರುಗಪ್ಪ ದಾರ ಬಿಗಿಯಲು ಹೋದ. ದಾರದ ಗಂಟು ಎರಡು ಸಲ ಜಾರಿತು.

ಆ ಲಾರಿಯ ಗುಟ್ಟು ಬಲ್ಲವರು ಮಸ್ಕಿಯಲ್ಲಿ ಇಬ್ಬರೇ. ದೇವಿಯನ್ನು ಸೇರಿಸಿದರೆ ಮೂವರು. ಹೋದ ಸುಗ್ಗಿಯಲ್ಲಿ ಬಳಗಾನೂರಿನಿಂದ ಸಿಂಧನೂರಿನ ರೈಸ್‌ಮಿಲ್ಲಿಗೆ ಭತ್ತ ಸಾಗುತ್ತಿದ್ದ ದಿನಗಳವು. ಈಗಿನ ಲಾರಿಗಳಿಗೆ ಡೀಸೆಲ್ ಒಂದೇ ಸಾಲದು. ಹೊಗೆಯ ವಿಷ ಇಳಿಸಲೆಂದು ಪಕ್ಕದ ಸಣ್ಣ ಟ್ಯಾಂಕಿಗೆ ಯೂರಿಯಾ ನೀರು ಹಾಕಬೇಕು. ಅದು ಕ್ಯಾನಿನಲ್ಲಿ ಬರುತ್ತದೆ. ಆ ವಾರ ಕ್ಯಾನು ಮಸ್ಕಿಯಲ್ಲೂ ಇರಲಿಲ್ಲ, ಸಿಂಧನೂರಿನಲ್ಲೂ ಇರಲಿಲ್ಲ. ದುರುಗಪ್ಪನ ಕಣ್ಣೆದುರು, ಮೀಟರಿನಲ್ಲಿ, ನೀರು ಮುಗಿಯಿತೆನ್ನುವ ಹಳದಿ ದೀಪ ಹತ್ತಿಕೊಂಡಿತು. ಮರುದಿನ ಲೋಡು ಹೇರುವ ಪಾಳಿ ಅವನದು. ಲಾರಿ ಮಾಲೀಕರ ಸಂಘದಲ್ಲಿ ಪಾಳಿ ತಪ್ಪಿದವನು ಹನ್ನೊಂದು ಲಾರಿಗಳ ಬಾಲಕ್ಕೆ ಹೋಗಿ ನಿಲ್ಲಬೇಕು. ಖಾಲಿ ಕ್ಯಾನು ತಿರುಗಿಸಿ ನೋಡಿದ; ಯೂರಿಯಾ ಅಂತಲೇ ಬರೆದಿತ್ತು. ಯೂರಿಯಾ ಮನೆಯಲ್ಲೇ ಇತ್ತಲ್ಲ, ಗದ್ದೆಗೆಂದು ತಂದ ಚೀಲದಲ್ಲಿ! ಕಾಲುವೆ ನೀರಿನಲ್ಲಿ ನಾಲ್ಕು ಬೊಗಸೆ ಕರಗಿಸಿ, ಹೆಂಡತಿಯ ಹಳೇ ಸೀರೆಯಲ್ಲಿ ಸೋಸಿ, ದುರುಗಮ್ಮನ ಹೆಸರು ಹೇಳಿ ಸುರಿದೇಬಿಟ್ಟ.

"ಭತ್ತಕ್ಕ ಹಾಕೋದನ್ನ ಲಾರಿಗೆ ಹಾಕಾಕತ್ತೀರಲ್ಲ, ನಾಳೆ ತೆನಿ ಬಿಟ್ಟೀತು ನೋಡ್ರಿ" ಎಂದು ಗದ್ದೆಮ್ಮ ಅವತ್ತು ನಕ್ಕಿದ್ದಳು.

ಲಾರಿ ತೆನೆ ಬಿಡಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಹೊಗೆಕೊಳವೆಯ ಬಾಯಿಗೆ ಬಿಳಿ ಉಪ್ಪು ಕಟ್ಟಿತು. ಆಮೇಲೆ ಕ್ಯಾನಿನ ನೀರನ್ನೇ ಹಾಕಿದರೂ ಹಳದಿ ದೀಪ ಆರಲಿಲ್ಲ. ಏರು ಸಿಕ್ಕರೆ ಸಾಕು, ಲಾರಿ ಉಬ್ಬಸದ ಮುದುಕನ ಹಾಗೆ ಏದುಸಿರು ಬಿಡುತ್ತಿತ್ತು.

ಅಷ್ಟರಲ್ಲಿ ದೊಡ್ಡ ಕೋರ್ಟಿನಿಂದ ಸುದ್ದಿ ಬಂತು. ಎಂಜಿನ್ ಮಾಡಿದ ಕಂಪನಿಯೇ ಕಳ್ಳಾಟ ಆಡಿತ್ತಂತೆ. ತಪಾಸಣೆಗೆ ನಿಲ್ಲಿಸಿದ್ದಾರೆಂದು ಎಂಜಿನ್ನಿನೊಳಗಿನ ಕಂಪ್ಯೂಟರಿಗೆ ತಿಳಿಯುತ್ತಿತ್ತು. ಆಗ ಹೊಗೆ ಹದ್ದುಬಸ್ತಿನಲ್ಲಿ ಇರುತ್ತಿತ್ತು. ರಸ್ತೆಗಿಳಿದರೆ ವಿಷವೆಲ್ಲ ಹೊರಗೆ. ಗುಡಿಯಲ್ಲಿ ಕಣ್ಣುಮುಚ್ಚಿ ಕೂತು ಅಂಗಡಿಗೆ ಬಂದು ತೂಕ ಹೊಡೆಯುವವನ ಭಕ್ತಿ ಅದು. ಲಾರಿ ಮಾಲೀಕರು ಹೂಡಿದ್ದ ದಾವೆ ಕಡೆಗೆ ರಾಜಿಯಲ್ಲಿ ಮುಗಿದಿತ್ತು. ಕಂಪನಿಯವರು ಹೊಗೆ ತೊಳೆಯುವ ಡಬ್ಬಿಯನ್ನೂ ಕಂಪ್ಯೂಟರನ್ನೂ ಪುಕ್ಕಟೆಯಾಗಿ ಹೊಸದು ಹಾಕಿಕೊಡಬೇಕು. ಆದರೆ ಅವರದೂ ಒಂದು ಷರತ್ತಿತ್ತು. ಒಂದೊಂದು ಸಂಘದಲ್ಲೂ ಚೀಟಿ ಎತ್ತಿ ಮೂರು ಲಾರಿ ಬಿಚ್ಚಿ ನೋಡುವುದು. ಒಂದರಲ್ಲಾದರೂ ಬೇರೆ ನೀರು ಹಾಕಿದ ಗುರುತು ಸಿಕ್ಕರೆ, ಕೆಡಿಸಿದವರು ಮಾಲೀಕರೇ ಎಂದು ಬರೆದು ಆ ಸಂಘವನ್ನೇ ರಾಜಿಯಿಂದ ಕೈಬಿಡುವುದು.

ಬೇರೆ ಏನೂ ಹಾಕಿಲ್ಲವೆಂಬ ಕಾಗದಕ್ಕೆ ದುರುಗಪ್ಪ ತಿಂಗಳ ಹಿಂದೆಯೇ ಸಹಿ ಹಾಕಿದ್ದ. ಇವತ್ತು ಲಿಂಗಸುಗೂರಿನ ವರ್ಕ್‌ಶಾಪಿನಲ್ಲಿ ಚೀಟಿ ಎತ್ತುವ ದಿನ.

ಹನ್ನೊಂದೂ ಲಾರಿಗಳು ಲಿಂಗಸುಗೂರಿನ ಹೊರಗೆ ಚಹಾಕ್ಕೆ ನಿಂತವು. ಸಂಘದ ಗೆಳೆಯ ಜಬೀವುಲ್ಲಾ ಬಂದು ಪಕ್ಕದಲ್ಲಿ ಕೂತ.

"ಏನ್ ದುರುಗಪ್ಪಣ್ಣ, ಚಾ ಕೆನಿ ಕಟ್ಟೈತಿ. ಹೆಣ್ಣು ನೋಡಾಕ ಹೊಂಟವರಂಗ ಬೆವತೀಯಲ್ಲ."

"ನೀನೂ ಬೆವತೀದಿ."

"ನಂದು ಸೆಕಿಗೆ ಭಾಯ್."

ಕಾರ್ತಿಕದ ಗಾಳಿ ಬೀಸುತ್ತಿತ್ತು. ಹೋಟೆಲಿನವನು ಕಿವಿಗೆ ಮಫ್ಲರ್ ಸುತ್ತಿಕೊಂಡಿದ್ದ.

"ಹನ್ನೊಂದರಾಗ ಮೂರು" ಎಂದ ಜಬೀವುಲ್ಲಾ ತನಗೆ ತಾನೇ. "ನಮ್ಮದ ಬರಬೇಕಂತ ಎಲ್ಲೈತಿ?"

"ಬರಬಾರದಂತ ಎಲ್ಲೈತಿ?" ಎಂದು ದುರುಗಪ್ಪ ಎದ್ದ. ಚಹಾ ಹಾಗೇ ಉಳಿಯಿತು.

ವರ್ಕ್‌ಶಾಪಿನ ಗೋಡೆಯ ಮೇಲೆ ಮಸ್ಕಿ ಗುಡ್ಡದ ಮಲ್ಲಯ್ಯನ ಪಟ. ಸಂಘದ ಅಧ್ಯಕ್ಷ ಹಂಪಣ್ಣ ಹನ್ನೊಂದು ಚೀಟಿ ಬರೆದು, ಸುರುಳಿ ಸುತ್ತಿ, ತಟ್ಟೆಯಲ್ಲಿ ಪಟದ ಮುಂದಿಟ್ಟ. ಕಂಪನಿಯ ಎಂಜಿನಿಯರ್ ರಾಜೇಶ, ಬೆಂಗಳೂರು ಕಡೆಯ ಹುಡುಗ, ಗಡಿಯಾರ ನೋಡಿಕೊಂಡ. ಹಂಪಣ್ಣ ಅವಸರ ಮಾಡಲಿಲ್ಲ. ಚಿಟಿಕೆ ವಿಭೂತಿ ತೆಗೆದು ಚೀಟಿಗಳ ಮೇಲೆ ಉದುರಿಸಿ, "ಯಪ್ಪಾ ಮಲ್ಲಯ್ಯ, ನಿನ್ನ ಮುಂದ ಇಟ್ಟೀವಿ. ಇದರಾಗ ಸುಳ್ಳಿಲ್ಲ, ಕಾಪಾಡು" ಎಂದು ಕೈಮುಗಿದ.

ಹನ್ನೊಂದು ಸುರುಳಿಗಳಲ್ಲಿ ತನ್ನ ಹೆಸರು ಯಾವುದರಲ್ಲಿದೆಯೋ ದುರುಗಪ್ಪನಿಗೆ ತಿಳಿಯದು. ಆದರೆ ಅದರ ಮೇಲೂ ವಿಭೂತಿ ಬಿದ್ದಿತ್ತು. ಎಂಜಿನ್ನಿನ ಕಳ್ಳಾಟ ಕೇಳಿ ಕಂಪನಿಗೆ ಎಷ್ಟು ಬೈದಿದ್ದ ತಾನು!

"ಹಂಪಣ್ಣ, ನನ್ನ ಚೀಟಿ ತಗಿ."

"ಏನಂದಿ?"

"ಗದ್ದಿ ಯೂರಿಯಾ ಹಾಕೀನಿ. ಕಾಲುವಿ ನೀರಾಗ ಕಲಸಿ."

ಯಾರೋ ಕಿಸಕ್ಕನೆ ನಕ್ಕು ತಟ್ಟನೆ ಸುಮ್ಮನಾದರು. ಹಂಪಣ್ಣನ ಮೀಸೆ ಅದುರಿತು. "ಲೇ ದುರುಗ್ಯಾ, ಹತ್ತು ಮಂದಿ ಉಣ್ಣೋ ಗಂಗಾಳಕ್ಕ ಮಣ್ಣು ಹಾಕಿದೆಲ್ಲಲೇ! ಸಹಿ ಮಾಡುವಾಗ ಈ ಬಾಯಿ ಎಲ್ಲಿಟ್ಟಿದ್ದಿ?"

"ಮುಖದಾಗ ಇತ್ತಣ್ಣ. ತೆರೀಲಿಲ್ಲ."

"ಇನ್ನ ನಿನ್ನ ಪಾಳಿ ಮರೆತುಬಿಡು. ಸಂಘದಾಗ ನೀ ಇದ್ದೂ ಇಲ್ಲದಂಗ."

ದುರುಗಪ್ಪ ಹೆದರಿದ್ದು ಈ ಮಾತಿಗೇ. ರಾಜೇಶ ಮಾತ್ರ ರಾಜಿಯ ಕಾಗದ ತೆರೆದು, ಬೆರಳಿಟ್ಟು ಸಾಲುಸಾಲಾಗಿ ಓದುತ್ತಿದ್ದ. ಕಡೆಗೆ ತಲೆ ಎತ್ತಿದ.

"ಬಿಚ್ಚಿದ ಮೇಲೆ ಸಿಕ್ಕಿದ್ದರೆ ಎಲ್ಲರದ್ದೂ ಹೋಗ್ತಿತ್ತು. ಮುಂಚೇನೇ ತಾವಾಗಿ ಹಿಂದೆ ಸರಿದರೆ ಆ ಗಾಡಿ ಒಂದೇ ಹೊರಗೆ. ಆದರೆ ಯಜಮಾನ್ರೇ, ನಿಮಗೆ ಏನೂ ಸಿಗಲ್ಲ. ಮುಂದೆ ಕೇಳೋ ಹಾಗೂ ಇಲ್ಲ."

"ತಿಳೀತ್ರಿ" ಎಂದು ದುರುಗಪ್ಪ ಸಹಿ ಹಾಕಿದ.

"ಇನ್ಯಾರಾದರೂ ಇದ್ದರೆ ಈಗಲೇ ಹೇಳಿ" ಎಂದ ರಾಜೇಶ.

ಜಬೀವುಲ್ಲಾ ಟೋಪಿ ತೆಗೆದು ಮುಖ ಒರೆಸಿಕೊಂಡ. "ನಂದೂ ತಗೀರಿ ಸಾಬ್. ಆದ್ರ ನಾ ಕಾಲುವಿ ನೀರು ಹಾಕಿಲ್ಲ, ಫಿಲ್ಟರ್ ನೀರು. ಬರ್ಕೋರಿ ಅದನ್ನೂ."

ಈ ಸಲ ನಗೆ ತಡೆಯಲು ಯಾರಿಂದಲೂ ಆಗಲಿಲ್ಲ, ಹಂಪಣ್ಣನೊಬ್ಬನನ್ನು ಬಿಟ್ಟು.

ತಟ್ಟೆಯಲ್ಲಿ ಒಂಬತ್ತು ಉಳಿದವು. ರಾಜೇಶ ಮೂರು ಎತ್ತಿದ. ಮೊದಲ ಲಾರಿ ಬಿಚ್ಚಿದರು. ಕೊಳವೆ ಮಸಿಯಿಂದ ಕಪ್ಪಗಿತ್ತು, ಬಿಳಿ ಉಪ್ಪಿನ ಸುಳಿವಿರಲಿಲ್ಲ. ಎರಡನೆಯದೂ ಹಾಗೇ. ಮೂರನೆಯ ಚೀಟಿ ಹಂಪಣ್ಣನದೇ.

ಅಷ್ಟು ಹೊತ್ತು ಗುಡುಗಿದ ಮನುಷ್ಯ ಈಗ ಹೆಗಲ ಮೇಲಿನ ವಲ್ಲಿಯ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತ. ನಟ್ಟು ಜಾಮ್ ಆಗಿತ್ತು. ಮೆಕ್ಯಾನಿಕ್ ಎಣ್ಣೆ ಬಿಟ್ಟು ಕಾದ. ದುರುಗಪ್ಪ ಕಣ್ಣುಮುಚ್ಚಿ, ತನಗೆ ಇನ್ನೇನೂ ಸಿಗುವುದಿಲ್ಲವೆಂಬುದನ್ನೂ ಮರೆತು, ಬಾಯೊಳಗೇ ದುರುಗಮ್ಮನನ್ನು ಕರೆದ. ತಾಯಿ, ಹನ್ನೊಂದು ಇದ್ದದ್ದು ಒಂಬತ್ತಾಯಿತು. ಆ ಒಂಬತ್ತನ್ನಾದರೂ ದಡ ಹಾಯಿಸು.

"ಕಪ್ಪೇ ಐತ್ರೀ!" ಎಂದ ಮೆಕ್ಯಾನಿಕ್.

ರಾಜೇಶ ಬಗ್ಗಿ ನೋಡಿ, ಫೋಟೊ ತೆಗೆದ. "ಸರಿಯಾದ ನೀರನ್ನೇ ಹಾಕಿದ್ದಾರೆ. ಆದರೂ ಇಷ್ಟು ಮಸಿ ಕಟ್ಟಿದೆ ಅಂದರೆ ತಪ್ಪು ನಮ್ಮದೇ. ಒಂಬತ್ತಕ್ಕೂ ಹೊಸದು ಬರೀತೀನಿ."

ಹಂಪಣ್ಣ ಅಲ್ಲೇ ಇದ್ದ ಹಳೇ ಟೈರಿನ ಮೇಲೆ ಕುಸಿದು ಕೂತ. ನೀರು ಕೊಡಲು ಹೋದ ದುರುಗಪ್ಪನ ಕೈ ಹಿಡಿದು, "ನಾ ಹಾಕಿಲ್ಲಲೇ" ಎಂದ ಮೆಲ್ಲಗೆ. "ಆದ್ರ ಡ್ರೈವರ್ ಏನೇನ್ ಹಾಕ್ಯಾನೋ ಅಂತ ನಾನೂ ಅಂಜಿದ್ದೆ."

ಒಂಬತ್ತು ಲಾರಿಗಳು ವರ್ಕ್‌ಶಾಪಿನಲ್ಲೇ ಉಳಿದವು. ಜಬೀವುಲ್ಲಾನ ಲಾರಿ ಮುಂದೆ ಹೋಯಿತು. ದುರುಗಪ್ಪ ಸ್ಟಾರ್ಟ್ ಮಾಡುವಷ್ಟರಲ್ಲಿ ಎಡಗಡೆಯ ಬಾಗಿಲು ತೆರೆದು ಹಂಪಣ್ಣ ಹತ್ತಿ ಕೂತ. ಬಸ್ಸಿಗೆ ಹೋಗಬಹುದಿತ್ತು. ಹೋಗಲಿಲ್ಲ.

ಲಾರಿ ಮಸ್ಕಿಯ ದಾರಿ ಹಿಡಿಯಿತು. ಏರಿನಲ್ಲಿ ಲಾರಿ ಏದುಸಿರು ಬಿಟ್ಟಾಗ ಹಂಪಣ್ಣ ಭಾರವನ್ನು ತಾನೇ ಹೊತ್ತವನಂತೆ ಮುಂದಕ್ಕೆ ಬಾಗಿದ. ಹಳದಿ ದೀಪ ಉರಿಯುತ್ತಲೇ ಇತ್ತು. ಇದನ್ನು ಹೇಗೆ ರಿಪೇರಿ ಮಾಡಿಸುವುದೋ, ಪಾಳಿಯಿಲ್ಲದೆ ಹೇಗೆ ಬದುಕುವುದೋ ದುರುಗಪ್ಪನಿಗೆ ಹೊಳೆಯಲಿಲ್ಲ. ದೂರದಲ್ಲಿ ಮಸ್ಕಿಯ ಗುಡ್ಡ ಕಂಡಾಗ ಹಂಪಣ್ಣ ಕೈಮುಗಿದ. ಆಮೇಲೆ ಕಿಟಕಿಯ ಕಡೆಗೇ ಮುಖ ಮಾಡಿಕೊಂಡು ಕೇಳಿದ:

"ಅರ್ಧ ಲೋಡು ಎಳೀತೈತೇನಲೇ ಇದು?"

"ಮೆಲ್ಲಕ ಹೋದ್ರ ಎಳೀತೈತಣ್ಣ."

"ಹಂಗಾದ್ರ ನಾಳೆ ಬಳಗಾನೂರಿಗೆ ಗಾಡಿ ಹಚ್ಚು. ಪಾಳಿ ನಿಂದ ಐತಿ."

ದುರುಗಪ್ಪ ಹೂಂ ಎಂದ. ಗೇರು ಇಳಿಸಿದ. ಗಾಜಿನಾಚೆ ನಿಂಬೆಹಣ್ಣು ತೂಗಾಡುತ್ತಿತ್ತು, ದುರುಗಮ್ಮನ ನಾಳಿನ ವಾರದ್ದು.