ಬಲೆಯಕ್ಕನ ಮೆರವಣಿಗೆ

ಊರಿನಲ್ಲಿ ನಾಯಿಗಳನ್ನು ಅವಳಷ್ಟು ಹಚ್ಚಿಕೊಂಡವರು ಇನ್ನೊಬ್ಬರಿರಲಿಲ್ಲ. ಊರಿನ ನಾಯಿಗಳಿಗೋ, ಅವಳನ್ನು ಕಂಡರೆ ಬರುತ್ತಿದ್ದಷ್ಟು ಸಿಟ್ಟು ಇನ್ಯಾರನ್ನು ಕಂಡರೂ ಬರುತ್ತಿರಲಿಲ್ಲ. ಬೀದಿನಾಯಿಗಳನ್ನು ನೋಡಿಕೊಳ್ಳುವ ಸಂಸ್ಥೆಯಲ್ಲಿ ಅವಳದು ಹಿಡಿಯುವ ಕೆಲಸ. ಹುಳು ಬಿದ್ದ ಗಾಯವಿರಲಿ, ಮುರಿದ ಕಾಲಿರಲಿ, ಹುಚ್ಚು ತಡೆಯುವ ಚುಚ್ಚುಮದ್ದಿರಲಿ, ನಾಯಿಯನ್ನು ಹಿಡಿದು ತರುವವಳು ಅವಳೇ. ಉದ್ದ ಕೋಲಿನ ಬಲೆಯನ್ನು ಹೆಗಲಿಗೇರಿಸಿ ವ್ಯಾನಿನಿಂದ ಇಳಿದಳೆಂದರೆ ಬೀದಿಗೆ ಬೀದಿಯೇ ಬೊಗಳಿ ಎದ್ದು ನಿಲ್ಲುತ್ತಿತ್ತು. ಹೆತ್ತವರಿಟ್ಟ ಹೆಸರು ಮರೆತುಹೋಗಿ ಅವಳು ಎಲ್ಲರಿಗೂ ಬಲೆಯಕ್ಕ ಆಗಿದ್ದಳು.

ಸಂಸ್ಥೆಯಲ್ಲಿ ಒಂದು ಕಟ್ಟುನಿಟ್ಟಿತ್ತು. ಹಿಡಿಯುವವರು ಊಟ ಹಾಕಬಾರದು, ಊಟ ಹಾಕುವವರು ಹಿಡಿಯಬಾರದು. ಭಯವನ್ನೆಲ್ಲ ಒಬ್ಬರ ತಲೆಗೇ ಕಟ್ಟಿಬಿಟ್ಟರೆ ನಾಯಿ ಮಿಕ್ಕ ಮನುಷ್ಯರನ್ನು ನಂಬುತ್ತದೆ ಎಂಬುದು ಡಾಕ್ಟರಮ್ಮನ ಲೆಕ್ಕಾಚಾರ. ಅದು ಸರಿಯೂ ಇತ್ತು. ಗುಣವಾದ ನಾಯಿಗಳು ಡಾಕ್ಟರಮ್ಮನ ಕೋಟಿನ ತುದಿ ಹಿಡಿದು ಎಳೆದಾಡುತ್ತಿದ್ದವು, ಅಡುಗೆಯವಳ ಕಾಲ ಮೇಲೆ ಬಿದ್ದು ಹೊರಳುತ್ತಿದ್ದವು. ಬಾಗಿಲಲ್ಲಿ ಬಲೆಯಕ್ಕನ ತಲೆ ಕಂಡಿತೋ, ಗುರ್ ಎನ್ನುತ್ತಾ ಗೋಡೆಗೆ ಅಂಟಿಕೊಳ್ಳುತ್ತಿದ್ದವು.

ಅವಳ ಅತ್ತೆಗೆ ಇದೊಂದು ಮುಗಿಯದ ತಮಾಷೆ. ಸಂಜೆ ಅವಳು ಚಪ್ಪಲಿ ಬಿಡುವ ಮುಂಚೆಯೇ ಶುರು ಹಚ್ಚಿಕೊಳ್ಳುತ್ತಿದ್ದರು.

“ಏನಮ್ಮ, ಇವತ್ತಾದ್ರೂ ಒಂದು ನಾಯಿ ನಿನ್ನ ನೋಡಿ ಬಾಲ ಅಲ್ಲಾಡಿಸ್ತಾ?”

“ಎಲ್ಲಿಂದ ಬರ್ಬೇಕು ಅತ್ತೆ. ಅವಕ್ಕೂ ನಿಮ್ಮ ಹಾಗೇ, ನನ್ನ ಕಂಡ್ರೆ ಅಷ್ಟಕ್ಕಷ್ಟೆ.”

ಅತ್ತೆ ಬಿದ್ದು ಬಿದ್ದು ನಗುತ್ತಿದ್ದರು, ಸೊಸೆಯೂ ಜೊತೆಗೂಡುತ್ತಿದ್ದಳು. ಆದರೆ ಒಳಗೊಳಗೆ ಅವಳಿಗೆ ಕೊರಗಿತ್ತು, ಸುಳ್ಳೇಕೆ ಹೇಳಬೇಕು. ಕಿವಿಯ ಹಿಂದೆ ಕೆರೆಸಿಕೊಂಡ ನಾಯಿ ಕಣ್ಣು ಮುಚ್ಚಿ ಮೈಗೆ ಒರಗಿಕೊಳ್ಳುವುದನ್ನು ಅವಳು ಬೇರೆಯವರ ಮಡಿಲಲ್ಲಿ ಮಾತ್ರ ನೋಡಿದ್ದಳು.

ಹೀಗಿರುವಾಗ ಮರದ ಡಿಪೋ ಬೀದಿಯ ಸಾಕ್ಸು ಎಂಬ ನಾಯಿ ಡಬ್ಬದೊಳಗೆ ತಲೆ ಸಿಕ್ಕಿಸಿಕೊಂಡಿತು. ಕಂದು ಮೈ, ನಾಲ್ಕು ಪಾದವೂ ಬಿಳಿ. ಸ್ಕೂಲಿಗೆ ಹೊರಟವನ ಹಾಗೆ ಕಾಣುತ್ತಾನೆಂದು ಬೀದಿಯವರು ಅವನಿಗೆ ಆ ಹೆಸರಿಟ್ಟಿದ್ದರು. ಅಂಗಡಿಗಳಲ್ಲಿ ಬಿಸ್ಕತ್ತು ತುಂಬಿಡುವ ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬವನ್ನು ಯಾರೋ ಕಸದ ಜೊತೆ ಎಸೆದಿದ್ದರು. ತಳದ ಪುಡಿ ನೆಕ್ಕಲು ಹೋದ ತಲೆ ಕುತ್ತಿಗೆವರೆಗೆ ಇಳಿಯಿತು, ವಾಪಸು ಬರಲಿಲ್ಲ. ಡಬ್ಬದ ಒಂದು ಪಕ್ಕ ಸೀಳಿದ್ದರಿಂದ ಉಸಿರೇನೋ ಆಡುತ್ತಿತ್ತು. ಆದರೆ ಆ ಉಸಿರಿಗೇ ಡಬ್ಬ ಮಬ್ಬಾಗಿ ಕಣ್ಣು ಕಾಣದಾಯಿತು, ಹಳಸಿದ ಬಿಸ್ಕತ್ತಿನ ನಾತ ಬಿಟ್ಟು ಮೂಗಿಗೆ ಬೇರೇನೂ ತಿಳಿಯದಾಯಿತು. ಸಂಸ್ಥೆಗೆ ಸುದ್ದಿ ಮುಟ್ಟುವಷ್ಟರಲ್ಲಿ ಅನ್ನ, ನೀರು ಎರಡೂ ಬಂದ್ ಆಗಿ ಎರಡು ದಿನವಾಗಿತ್ತು.

“ಹೊಟ್ಟೆಗಿಲ್ದೆ ಹೇಗೋ ತಡ್ಕೊಳ್ತಾನೆ, ನೀರಿಲ್ದೆ ಆಗಲ್ಲ,” ಎಂದರು ಡಾಕ್ಟರಮ್ಮ. “ಇವತ್ತು ಬಿಡಿಸ್ದಿದ್ರೆ ನಾಳೆ ಇರಲ್ಲ ಅವನು.”

ಬಿಡಿಸಲು ಹೋದವರೆಲ್ಲ ಸೋತು ಸುಣ್ಣವಾದರು. ಅಡುಗೆಯವಳು ಬಿಸಿ ಮಾಂಸದ ತಟ್ಟೆ ಇಟ್ಟು ಕಾದಳು. ವಾಸನೆಯೇ ಹೊಗದ ಮೂಗಿಗೆ ಮಾಂಸವೇನು, ಮಣ್ಣೇನು. ಡಾಕ್ಟರಮ್ಮ ಮುದ್ದಾಗಿ ಹೆಸರು ಹಿಡಿದು ಕರೆದರು. ಆ ದನಿ ಡಬ್ಬದೊಳಗೆ ಹೇಗೆ ಮೊಳಗಿತೋ, ಸಾಕ್ಸು ಬೆಚ್ಚಿಬಿದ್ದು ರಸ್ತೆಗೆ ನುಗ್ಗಿ ಬಸ್ಸಿನ ಕೆಳಗೆ ಸಿಗುವುದು ಸ್ವಲ್ಪದರಲ್ಲಿ ತಪ್ಪಿತು. ಬಲೆಯಕ್ಕ ಬಲೆ ಬೀಸಿದಳು. ಬಲೆಯ ಕಬ್ಬಿಣದ ಅಂಚು ಡಬ್ಬಕ್ಕೆ ಬಡಿದು, ಆಗಿನಿಂದ ಹತ್ತಿರ ಹೆಜ್ಜೆ ಸಪ್ಪಳವಾದರೆ ಸಾಕು, ಅವನು ಎದ್ದೆನೋ ಬಿದ್ದೆನೋ ಎಂದು ಓಡತೊಡಗಿದ. ದೂರದಿಂದ ಮತ್ತಿನ ಸೂಜಿ ಹೊಡೆಯೋಣವೆಂದರೆ, ಒಣಗಿದ ಮೈಯಲ್ಲಿ ಎದೆಬಡಿತವೇ ನಿಂತೀತೆಂದು ಡಾಕ್ಟರಮ್ಮ ಒಪ್ಪಲಿಲ್ಲ.

ಬಲೆಯಕ್ಕ ಬೀದಿಯ ತುದಿಯಲ್ಲಿ ವ್ಯಾನಿನೊಳಗೆ ಕೂತು ಕಿಟಕಿಯಿಂದ ನೋಡುತ್ತಿದ್ದಳು. ಎದುರಿಗೆ ನಾಯಿಗಳ ಗುಂಪು ನೆರಳು ಹುಡುಕಿಕೊಂಡು ಮೆಲ್ಲಗೆ ನಡೆಯುತ್ತಿತ್ತು, ಮಧ್ಯೆ ಸಾಕ್ಸು.

“ಅಣ್ಣ, ಅವನಿಗೆ ಕಣ್ಣು ಕಾಣ್ತಿಲ್ಲ ತಾನೆ? ಮತ್ತೆ ಗೋಡೆಗೆ ಗುದ್ದದೆ ಹೇಗೆ ಓಡಾಡ್ತಿದ್ದಾನೆ?” ಎಂದು ಡ್ರೈವರನನ್ನು ಕೇಳಿದಳು.

“ದೇವರಿಗೇ ಗೊತ್ತು.”

“ದೇವರಿಗಲ್ಲ, ಯಜಮಾನಿಗೆ ಗೊತ್ತು. ನೋಡಿ.”

ಯಜಮಾನಿ ಎಂದರೆ ಆ ಗುಂಪನ್ನು ಆಳುತ್ತಿದ್ದ ಮುದಿ ಹೆಣ್ಣುನಾಯಿ. ಸಾಕ್ಸು ಅವಳ ಪಕ್ಕೆಗೆ ಡಬ್ಬ ಒತ್ತಿಕೊಂಡೇ ಹೆಜ್ಜೆ ಹಾಕುತ್ತಿದ್ದ. ಅವಳು ತಿರುಗಿದರೆ ತಿರುಗುತ್ತಿದ್ದ, ನಿಂತರೆ ನಿಲ್ಲುತ್ತಿದ್ದ.

“ಯಜಮಾನಿ ಹೋದಲ್ಲಿಗೆ ಇವನು. ನನ್ನ ಕಂಡ್ರೆ ಯಜಮಾನಿ ಎಲ್ಲಿಗೆ ಓಡ್ತಾಳೆ?”

“ಕೇಳೋದೇನು, ಡಿಪೋಗೆ. ಮುಂದಿನ ಗೇಟಲ್ಲಿ ನುಗ್ಗಿ ಹಿಂದಿನ ಗೋಡೆ ಸಂದೀಲಿ ಪರಾರಿ. ಎಷ್ಟು ಸಲ ಮಣ್ಣು ಮುಕ್ಕಿಸಿಲ್ಲ ನಮಗೆ.”

“ಸಂದಿ ಮುಚ್ಚಿಬಿಟ್ರೆ?”

ಡ್ರೈವರ್ ಅವಳ ಮುಖ ನೋಡಿದ. ಬಾಯಲ್ಲಿದ್ದ ಬೆಂಕಿಕಡ್ಡಿಯನ್ನು ತೆಗೆದು ಕಿಟಕಿಯಾಚೆ ಎಸೆದ.

ಡಾಕ್ಟರಮ್ಮನಿಗೆ ಇದು ಗಂಟಲಲ್ಲಿ ಇಳಿಯಲಿಲ್ಲ. “ಮೂಲೆಗೆ ಸಿಕ್ಕ ಗುಂಪು ಕಣೇ ಅದು. ನಿನ್ನ ಹರಿದು ಹಾಕುತ್ತೆ.”

“ಹಾಕೋದಿದ್ರೆ ಇಷ್ಟು ವರ್ಷ ಸುಮ್ನಿರ್ತಿದ್ವಾ? ಅವಕ್ಕೆ ನನ್ನ ಮೇಲೆ ಬರೀ ಸಿಟ್ಟಲ್ಲ ಡಾಕ್ಟರಮ್ಮ, ಭಯ.” ಆ ಮಾತು ಆಡುವಾಗ ಅವಳಿಗೆ ಚುರುಕ್ಕೆಂದಿತು. ಆದರೂ ಆಡಿದಳು. “ಇಷ್ಟು ದಿನ ಆ ಭಯ ಗಳಿಸಿದ್ದೀನಿ. ಇವತ್ತು ಖರ್ಚು ಮಾಡೋಣ.”

ಡಿಪೋ ಸಾಹುಕಾರರು ಮೊದಲು ಮೂಗು ಮುರಿದರು. ನಾಯಿಗೋಸ್ಕರ ಗರಗಸ ನಿಲ್ಲಿಸುವುದೆಂದರೇನು ಎಂದು ಗೊಣಗುತ್ತಲೇ ಗೇಟಿನಾಚೆ ಇಣುಕಿದರು. ಡಬ್ಬ ಹೊತ್ತ ತಲೆ ಯಜಮಾನಿಯ ಪಕ್ಕದಲ್ಲಿ ಜೋಲುತ್ತಿತ್ತು. ಯಂತ್ರ ಆರಿಸಿ, ಆಳುಗಳ ಜೊತೆ ತಾವೇ ಹಲಗೆ ಎತ್ತಿ ಹಿಂದಿನ ಸಂದಿಗೆ ಅಡ್ಡ ನಿಲ್ಲಿಸಿದರು.

ಬೇರೆ ದಿನವಾಗಿದ್ದರೆ ಬಲೆಯಕ್ಕ ಕಳ್ಳಬೆಕ್ಕಿನ ಹಾಗೆ ಬರುತ್ತಿದ್ದಳು. ವ್ಯಾನನ್ನು ಪಕ್ಕದ ಬೀದಿಯಲ್ಲಿ ಬಿಟ್ಟು, ಬಲೆಯನ್ನು ಬೆನ್ನ ಹಿಂದೆ ಬಚ್ಚಿಟ್ಟು, ಗಾಳಿ ಎತ್ತಲಿಂದ ಬೀಸುತ್ತಿದೆಯೆಂದು ನೋಡಿಕೊಂಡು ಕಾಲಿಡುತ್ತಿದ್ದಳು. ಅವತ್ತು ಎಲ್ಲ ತಿರುಗುಮುರುಗು. ನಾನಾ ನಾಯಿಗಳ ವಾಸನೆ ಹಿಡಿದ, ಒಗೆಯದ ಅಂಗಿಯನ್ನೇ ತೊಟ್ಟಳು. ಗಾಳಿ ಬೆನ್ನಿಗೆ ಬರುವಂತೆ ಬೀದಿಯ ತುದಿಯಲ್ಲಿ ನಿಂತಳು. ಬಲೆಯನ್ನು ಬಾವುಟದಂತೆ ಮೇಲೆತ್ತಿ, ನಡುರಸ್ತೆಯಲ್ಲಿ ಎದೆಯುಬ್ಬಿಸಿ ಹೊರಟಳು. ಹಿಂದೆ ಡ್ರೈವರ್ ಹಾರ್ನ್ ಒತ್ತಿ ಹಿಡಿದು ವ್ಯಾನನ್ನು ಆಮೆಯ ನಡಿಗೆಯಲ್ಲಿ ಬಿಟ್ಟ.

“ಬನ್ರಪ್ಪ, ನಾನೇ ಬಂದಿದ್ದೀನಿ,” ಎಂದು ಗಂಟಲು ಬಿಟ್ಟು ಕೂಗಿದಳು. “ನಿಮ್ಮ ಹಳೇ ಶತ್ರು. ಚೆನ್ನಾಗಿ ನೋಡ್ಕೊಳ್ಳಿ.”

ಯಜಮಾನಿ ಮೂಗೆತ್ತಿದಳು. ಮರುಗಳಿಗೆಗೆ ಬೀದಿ ಬೊಗಳಿಕೆಯಿಂದ ತುಂಬಿಹೋಯಿತು. ಅಂಗಡಿಯವರು ಗಿರಾಕಿಗಳನ್ನು ಬಿಟ್ಟು ಹೊರಗೆ ಬಂದರು, ಮಹಡಿಯ ಕಿಟಕಿಗಳು ತೆರೆದುಕೊಂಡವು. ಬೊಗಳುತ್ತಾ, ಹಿಂದೆ ಸರಿಯುತ್ತಾ, ಮತ್ತೆ ಬೊಗಳುತ್ತಾ ಗುಂಪು ಕೊನೆಗೆ ಬೆನ್ನು ತಿರುಗಿಸಿ ಡಿಪೋ ಕಡೆಗೆ ಓಟ ಕಿತ್ತಿತು. ನಡುವೆ ಡಬ್ಬದ ತಲೆ ಎಗರೆಗರಿ ಓಡುತ್ತಿತ್ತು. ಒಮ್ಮೆ ಚರಂಡಿಯ ಅಂಚಿನಲ್ಲಿ ಅವನು ಮುಗ್ಗರಿಸಿದಾಗ ಬಲೆಯಕ್ಕನ ಜೀವ ಬಾಯಿಗೆ ಬಂತು. ಯಜಮಾನಿ ನಿಂತು ಒಂದು ಸಲ ಗದರಿದಳು. ಅವನು ಎದ್ದು ಆ ದನಿ ಹಿಡಿದು ಮತ್ತೆ ಓಡಿದ. ಕೊನೆಯ ಬಾಲ ಒಳಗೆ ಹೋಯಿತು, ಅದರ ಹಿಂದೆಯೇ ಬಲೆಯಕ್ಕನೂ ಹೋದಳು, ಡ್ರೈವರ್ ಗೇಟು ಎಳೆದ.

ಸಂದಿ ಮುಚ್ಚಿದ್ದನ್ನು ಕಂಡು ಗುಂಪು ದಿಕ್ಕೆಟ್ಟು ಎರಡು ಮರದ ರಾಶಿಗಳ ನಡುವೆ ಒತ್ತರಿಸಿಕೊಂಡಿತು. ಆ ಗಡಿಬಿಡಿಯಲ್ಲಿ ಸಾಕ್ಸುವಿಗೆ ಯಜಮಾನಿಯ ಪಕ್ಕೆ ತಪ್ಪಿತು. ಅಂಗಳದ ನಡುವೆ ಒಬ್ಬನೇ ನಿಂತು, ಡಬ್ಬವನ್ನು ಅತ್ತ ಇತ್ತ ತಿರುಗಿಸಿದ. ಕಾಲುಗಳು ಗಡಗಡ ನಡುಗುತ್ತಿದ್ದವು.

ಬಲೆಯಕ್ಕ ಬಲೆಯನ್ನು ನೆಲಕ್ಕಿಟ್ಟಳು. ಚಪ್ಪಲಿ ಕಳಚಿದಳು. ನೆಲದ ತುಂಬ ಪಾದ ಮುಳುಗುವಷ್ಟು ಮರದ ಹೊಟ್ಟು, ಹೆಜ್ಜೆಗೆ ಸದ್ದೇ ಇಲ್ಲ. ಹಲ್ಲು ತೋರಿಸುತ್ತಿದ್ದ ಇಡೀ ಗುಂಪಿನ ಕಣ್ಣೆದುರಿಗೇ ಅವಳು ನಡೆದು ಹೋಗಿ, ಮಂಡಿಯೂರಿ, ಹಿಂದಿನಿಂದ ಅವನನ್ನು ಎರಡೂ ತೋಳಲ್ಲಿ ತಬ್ಬಿ ಹಿಡಿದಳು.

ಅವನು ಒದ್ದಾಡಿದ, ಕೊಸರಿದ. ಅವಳು ಬಿಡಲಿಲ್ಲ. ಬರಬರುತ್ತಾ ಆ ಒದ್ದಾಟ ಇಳಿಯಿತು. ಅವನಿಗೆ ಅವಳ ಮುಖ ಕಾಣುತ್ತಿರಲಿಲ್ಲ, ಅಂಗಿಯ ವಾಸನೆ ತಿಳಿಯುತ್ತಿರಲಿಲ್ಲ. ಯಾರದೋ ಬೆಚ್ಚನೆಯ ಮೈ ಎಂದಷ್ಟೇ ತಿಳಿದಿರಬೇಕು. ದೊಡ್ಡದೊಂದು ಉಸಿರು ಬಿಟ್ಟು, ಸಾಕ್ಸು ತನ್ನ ಭಾರವನ್ನೆಲ್ಲ ಅವಳ ಎದೆಗೆ ಒರಗಿಸಿದ.

ಅವಳಿಗೆ ಅಳು ಉಕ್ಕಿ ಬಂತು. ಇಷ್ಟು ವರ್ಷ ಕಾದಿದ್ದು ಇದಕ್ಕೇ.

ಗರಗಸದ ಯಂತ್ರದ ಹಿಂದೆ ಕಾದಿದ್ದ ಡಾಕ್ಟರಮ್ಮ ದಪ್ಪ ಕತ್ತರಿ ಹಿಡಿದು ಬಂದು ಪಕ್ಕದಲ್ಲಿ ಕೂತರು. ಅವಳ ಕಣ್ಣು ಕಂಡು ಕೈ ತಡೆದರು.

“ಕತ್ತರಿಸ್ಲಾ? ಕಣ್ಣು ಬಿಟ್ರೆ ನೀನು ಯಾರಂತ ಗೊತ್ತಾಗುತ್ತೆ ಅವನಿಗೆ. ಬೇಕಾದ್ರೆ ಡ್ರೈವರ್ ಹಿಡ್ಕೊಳ್ಳಲಿ, ನೀನು ಆಚೆ ಹೋಗು.”

“ಕೈ ಬದಲಾಯಿಸೋವಾಗ ತಪ್ಪಿಸ್ಕೊಂಡ್ರೆ?” ಬಲೆಯಕ್ಕ ಅವನ ಕಿವಿ ಇರಬಹುದಾದ ಜಾಗದ ಕೆಳಗೆ ಒಂದು ಸಲ, ಒಂದೇ ಸಲ ಕೆರೆದಳು. “ಕತ್ತರಿಸಿ.”

ಡಬ್ಬ ಪಟಪಟ ಸೀಳಿತು, ಎರಡು ಹೋಳಾಗಿ ಕಳಚಿ ಬಿತ್ತು. ಸಾಕ್ಸು ಬೆಳಕಿಗೆ ಕಣ್ಣು ಕಿರಿದು ಮಾಡಿದ. ಮುಂದೆ ತಂದಿಟ್ಟ ನೀರಿನ ಬೋಗುಣಿಗೆ ಮುಖ ಅದ್ದಿ ಲೊಚಲೊಚನೆ ಕುಡಿದ, ಉಸಿರು ತೆಗೆದುಕೊಂಡು ಮತ್ತೆ ಕುಡಿದ. ಡಾಕ್ಟರಮ್ಮ ಅಷ್ಟರಲ್ಲೇ ಕತ್ತಿನ ತರಚು ಗಾಯಕ್ಕೆ ಮುಲಾಮು ಬಳಿದು, ಸೂಜಿ ಚುಚ್ಚಿ, “ಗಟ್ಟಿ ಪಿಂಡ. ಬದುಕಿದ,” ಎಂದರು. ಗೇಟಿನ ಸರಳಿಗೆ ಮುಖ ಒತ್ತಿ ನಿಂತಿದ್ದ ಬೀದಿಯವರು ಚಪ್ಪಾಳೆ ತಟ್ಟಿದರು. ಸಾಹುಕಾರರು ಕಣ್ಣಿಗೆ ಮರದ ಪುಡಿ ಬಿತ್ತೆಂದು ಆಚೆ ತಿರುಗಿಕೊಂಡರು.

ಬೋಗುಣಿ ಖಾಲಿಯಾಯಿತು. ಸಾಕ್ಸುವಿನ ಮೂಗು ಮಿಸುಕಿತು. ತನ್ನನ್ನು ಹಿಡಿದಿದ್ದ ತೋಳನ್ನು ಮೂಸಿದ, ಅಂಗಿಯನ್ನು ಮೂಸಿದ, ನಿಧಾನವಾಗಿ ಕತ್ತೆತ್ತಿ ಅವಳ ಮುಖ ನೋಡಿದ. ಬೆನ್ನ ಕೂದಲು ನೆಟ್ಟಗಾಯಿತು. ಅವಳು ತೋಳು ಸಡಿಲಿಸಿದ್ದೇ ತಡ, ಎಗರಿ ಹಿಂದೆ ನಿಂತು ಬೊಗಳಿದ. ಒಣಗಿದ ಗಂಟಲಿನಿಂದ ಮೊದಮೊದಲು ಬರೀ ಗೊಗ್ಗರು. ಆಮೇಲೆ ದನಿ ಕೂಡಿಬಂತು. ಹಿಂದಿನಿಂದ ಯಜಮಾನಿಯೂ ಮಿಕ್ಕವರೂ ಸೇರಿಕೊಂಡರು.

ಬಲೆಯಕ್ಕ ಹೊಟ್ಟಿನ ಮೇಲೆ ಕಾಲು ಚಾಚಿ ಕೂತು ನಗುತ್ತಿದ್ದಳು, ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು.

“ಬೈಯೋ, ಬೈಯಿ. ಹೊಟ್ಟೆ ತುಂಬ ಬೈಯಿ,” ಎಂದಳು. “ಅಣ್ಣ, ಗೇಟು ತೆಗೀರಿ.”

ಗುಂಪು ಧೂಳೆಬ್ಬಿಸಿ ಬೀದಿಗೆ ನುಗ್ಗಿತು. ಈ ಸಲ ಸಾಕ್ಸು ಯಾರ ಪಕ್ಕೆಗೂ ಒತ್ತಿಕೊಂಡಿರಲಿಲ್ಲ, ಎಲ್ಲರಿಗಿಂತ ಮುಂದೆ ಓಡುತ್ತಿದ್ದ. ಬೀದಿಯ ಆ ತುದಿ ಮುಟ್ಟಿ, ಅಲ್ಲಿಂದ ಅವಳತ್ತ ತಿರುಗಿ ನಿಂತು, ಮತ್ತೆ ಬೈಯಲು ಶುರು ಮಾಡಿದ.